ಎಕ್ಸ್‌ಟೆಂಡೆಡ್ ವಾರಂಟಿ: ಷೋರೂಮ್‌ನಲ್ಲಿ ‘ಹೂಂ’ ಅನ್ನೋ ಮೊದಲು

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲಿ ಕೂತು ಕೇಳ್ತಿದೀರೋ, ಮನೇಲಿ ಪಾತ್ರೆ ತೊಳೀತಾ ಕೇಳ್ತಿದೀರೋ ಗೊತ್ತಿಲ್ಲ. ಇವತ್ತಿನ ಮಾತು ಮೊದಲ ಕಾರು ತಗೋಬೇಕು ಅಂತ ಇರೋರಿಗೆ, ಮತ್ತೆ ತಗೊಂಡು ಒಂದೆರಡು ವರ್ಷ ಆಗಿರೋರಿಗೆ.

ಕಾರು ಬುಕ್ ಮಾಡೋಕೆ ಹೋದಾಗ ಷೋರೂಮ್‌ನಲ್ಲಿ ಒಂದು ಹಾಳೆ ಕೊಡ್ತಾರೆ. ಮೇಲೆ ಎಕ್ಸ್-ಷೋರೂಮ್ ಬೆಲೆ. ಕೆಳಗೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್, ಫಾಸ್ಟ್ಯಾಗ್. ಇನ್ನೂ ಕೆಳಗೆ ಬಂದರೆ ಅಕ್ಸೆಸರೀಸ್ ಕಿಟ್, ಎಎಂಸಿ, ಎಕ್ಸ್‌ಟೆಂಡೆಡ್ ವಾರಂಟಿ. ಅಷ್ಟೊತ್ತಿಗೆ ನಮ್ಮ ಕಣ್ಣು ಒಟ್ಟು ಮೊತ್ತದ ಮೇಲೆ ಇರುತ್ತೆ. ಎಂಟೂವರೆ ಲಕ್ಷಕ್ಕೆ ಒಪ್ಪಿಕೊಂಡವರಿಗೆ ಇನ್ನೊಂದು ಇಪ್ಪತ್ತು ಸಾವಿರ ಅಷ್ಟು ದೊಡ್ಡದಾಗಿ ಕಾಣಲ್ಲ. ಎದುರಿಗೆ ಕೂತವರು ಹೇಳ್ತಾರೆ, ‘ಸರ್, ಇದೊಂದು ಹಾಕ್ಸಿಬಿಡಿ, ಐದು ವರ್ಷ ಟೆನ್ಷನ್ನೇ ಇರಲ್ಲ.’ ಪಕ್ಕದಲ್ಲಿ ಅಪ್ಪನೋ ಮಾವನೋ ಇದ್ರೆ ಅವರೂ ಒಂದು ಮಾತು ಸೇರಿಸ್ತಾರೆ, ‘ಇರ್ಲಿ ಬಿಡು, ಇಷ್ಟು ಖರ್ಚು ಮಾಡಿದೀಯಂತೆ.’ ನಾವು ಹೂಂ ಅಂತೀವಿ.

ಹೂಂ ಅನ್ನಬೇಡಿ ಅಂತ ನಾನು ಹೇಳ್ತಾ ಇಲ್ಲ. ಕೆಲವರಿಗೆ ಇದು ನಿಜಕ್ಕೂ ಬೇಕು. ನಾನು ಹೇಳೋದು ಇಷ್ಟೇ: ಆ ಮೇಜಿನ ಮುಂದೆ ಕೂತ ಹತ್ತು ನಿಮಿಷದಲ್ಲಿ ನಿರ್ಧಾರ ಮಾಡಬೇಡಿ. ಯಾಕಂದ್ರೆ ನೀವು ಇವತ್ತು ದುಡ್ಡು ಕೊಡ್ತಿರೋದು ಮೂರು ವರ್ಷ ಆದಮೇಲೆ ಶುರುವಾಗೋ ಒಂದು ರಕ್ಷಣೆಗೆ. ಮನೆಗೆ ಹೋಗಿ, ಷರತ್ತು ಓದಿ, ಲೆಕ್ಕ ಹಾಕಿ ಹೇಳೋಕೆ ಸಮಯ ಇದೆ.

ಮೂರು ಕಾಗದ, ಮೂರು ಬೇರೆ ಕೆಲಸ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಇನ್ಶೂರೆನ್ಸ್, ವಾರಂಟಿ, ಎಎಂಸಿ ಈ ಮೂರನ್ನೂ ನಾವು ಒಂದೇ ಚೀಲಕ್ಕೆ ಹಾಕಿಬಿಡ್ತೀವಿ.

ಇನ್ಶೂರೆನ್ಸ್ ಅಂದ್ರೆ ಹೊರಗಿನಿಂದ ಬರೋ ಪೆಟ್ಟಿಗೆ. ಅಪಘಾತ, ಕಳ್ಳತನ, ಬೆಂಕಿ, ಪ್ರವಾಹ. ಕಾರು ತಾನಾಗಿ ಕೆಟ್ಟು ನಿಂತ್ರೆ ಮಾಮೂಲಿ ಇನ್ಶೂರೆನ್ಸ್ ಪಾಲಿಸಿ ದುಡ್ಡು ಕೊಡಲ್ಲ.

ವಾರಂಟಿ ಅದರ ಉಲ್ಟಾ. ಒಳಗಿನ ದೋಷಕ್ಕೆ. ಕಂಪನಿ ಹಾಕಿದ ಪಾರ್ಟ್‌ನಲ್ಲೇ ತಯಾರಿಕೆಯ ದೋಷ ಇದ್ದು ಅದು ಕೆಟ್ಟರೆ ರಿಪೇರಿ ಮಾಡಿಕೊಡ್ತಾರೆ, ಇಲ್ಲಾ ಬದಲಿಸಿ ಕೊಡ್ತಾರೆ. ಎಕ್ಸ್‌ಟೆಂಡೆಡ್ ವಾರಂಟಿ ಅಂದ್ರೆ ಅದೇ ಮಾತನ್ನ ಇನ್ನೊಂದಿಷ್ಟು ವರ್ಷಕ್ಕೆ ದುಡ್ಡು ಕೊಟ್ಟು ಮುಂದುವರಿಸೋದು. ಆದ್ರೆ ಮೊದಲ ಮೂರು ವರ್ಷ ಸಿಕ್ಕಿದ್ದೆಲ್ಲ ಆಮೇಲೂ ಸಿಗುತ್ತೆ ಅಂತ ಅಂದುಕೊಳ್ಳೋ ಹಾಗಿಲ್ಲ. ಪಾರ್ಟ್‌ಗಳ ಪಟ್ಟಿ ಚಿಕ್ಕದಾಗಿರಬಹುದು.

ಎಎಂಸಿ ಅಂದ್ರೆ ವಾರ್ಷಿಕ ಸರ್ವಿಸ್‌ಗೆ ಮುಂಗಡ ದುಡ್ಡು. ಆಯಿಲ್, ಫಿಲ್ಟರ್, ಲೇಬರ್. ಇಲ್ಲಿ ‘ಕೆಡುತ್ತೋ ಇಲ್ವೋ’ ಅನ್ನೋ ಪ್ರಶ್ನೆಯೇ ಇಲ್ಲ, ಸರ್ವಿಸ್ ಮಾಡಿಸಲೇಬೇಕು. ಹಾಗಾಗಿ ಎಎಂಸಿ ಲೆಕ್ಕ ಸುಲಭ. ಅಷ್ಟೇ ಸರ್ವಿಸನ್ನ ಬಿಡಿಬಿಡಿಯಾಗಿ ಮಾಡಿಸಿದ್ರೆ ಎಷ್ಟಾಗುತ್ತೆ ಅಂತ ಸರ್ವಿಸ್ ಸೆಂಟರ್‌ನಲ್ಲೇ ಕೇಳಿ, ಹೋಲಿಸಿ ನೋಡಿ. ಕಡಿಮೆ ಬಿದ್ರೆ ತಗೊಳ್ಳಿ. ಊರು ಬಿಟ್ಟು ಊರಿಗೆ ವರ್ಗ ಆಗೋ ಕೆಲಸ ಇದ್ರೆ ಬೇರೆ ಊರಲ್ಲೂ ಇದು ನಡೆಯುತ್ತಾ ಅಂತ ಕೇಳಿಕೊಳ್ಳಿ. ಎಎಂಸಿ ಬಗ್ಗೆ ಇಷ್ಟು ಸಾಕು.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದ್ರೆ, ಒಂದು ಉದಾಹರಣೆ ನೆನಪಿಸ್ತೀನಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್, ಬೆಳ್ಳಂದೂರು ಕಡೆ ಬೇಸ್‌ಮೆಂಟ್‌ಗಳಿಗೆ ನೀರು ನುಗ್ಗಿ ಕಾರುಗಳು ಮುಳುಗಿದ್ದು ನೆನಪಿದೆಯಲ್ಲ? ನೀರು ಹೋದ ಕಾರನ್ನ ಸ್ಟಾರ್ಟ್ ಮಾಡೋಕೆ ಹೋದ್ರೆ ಇಂಜಿನ್ ಒಳಗೆ ನೀರು ಎಳ್ಕೊಂಡು ಕೆಟ್ಟುಹೋಗುತ್ತೆ. ಇದಕ್ಕೆ ಯಾವ ಎಕ್ಸ್‌ಟೆಂಡೆಡ್ ವಾರಂಟಿಯೂ ಬರಲ್ಲ. ಮಾಮೂಲಿ ಇನ್ಶೂರೆನ್ಸ್‌ನವರೂ ಇಂಜಿನ್ ವಿಷಯದಲ್ಲಿ ತಕರಾರು ತೆಗೀತಾರೆ. ಅದಕ್ಕೆ ಬೇಕಾಗೋದು ಇನ್ಶೂರೆನ್ಸ್ ಜೊತೆ ತಗೊಳ್ಳೋ ‘ಇಂಜಿನ್ ಪ್ರೊಟೆಕ್ಟ್’ ಅನ್ನೋ ಆಡ್-ಆನ್. ಮಳೆ ನೀರು ನಿಲ್ಲೋ ಏರಿಯಾದಲ್ಲಿ ಮನೆ ಇರೋರು ವಾರಂಟಿಗಿಂತ ಮೊದಲು ಅದನ್ನ ಯೋಚಿಸಬೇಕು. ಇಲಿ ಕಡಿದ ವೈರಿಂಗ್ ಕೂಡ ಅಷ್ಟೇ, ವಾರಂಟಿಯಲ್ಲಿ ಬರಲ್ಲ.

ಯಾವ ವರ್ಷಕ್ಕೆ ದುಡ್ಡು ಕೊಡ್ತಿದೀವಿ?

ಈಗ ಅಸಲು ವಿಷಯ. ಸ್ಟ್ಯಾಂಡರ್ಡ್ ವಾರಂಟಿ, ಅಂದ್ರೆ ಕಾರಿನ ಬೆಲೆಯಲ್ಲೇ ಸೇರಿರೋದು, ಈಗ ಮೊದಲಿಗಿಂತ ಉದ್ದ ಆಗಿದೆ. ಮಾರುತಿ ಸುಜುಕಿಯನ್ನೇ ತಗೊಳ್ಳಿ. ಮೊದಲು 2 ವರ್ಷ ಅಥವಾ 40,000 ಕಿ.ಮೀ. ಇತ್ತು. 2024ರ ಜುಲೈನಿಂದ ಅದನ್ನ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿದ್ರು, ದುಡ್ಡು ಕೊಟ್ಟರೆ 6 ವರ್ಷ ಅಥವಾ 1.6 ಲಕ್ಷ ಕಿ.ಮೀ.ವರೆಗೂ ವಿಸ್ತರಿಸಬಹುದು ಅಂತಾನೂ ಹೇಳಿದ್ರು. ಹ್ಯುಂಡೈನಂಥ ಕಂಪನಿ ಕಿ.ಮೀ. ಮಿತಿ ಇಲ್ಲದ 3 ವರ್ಷ ಕೊಡುತ್ತೆ. ಇದರ ಅರ್ಥ, ಹತ್ತು ವರ್ಷದ ಹಿಂದೆ ನಿಮ್ಮ ಚಿಕ್ಕಪ್ಪ ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡಾಗ ಅವರು ಕೊಂಡುಕೊಂಡಿದ್ದು ಮೂರನೇ, ನಾಲ್ಕನೇ ವರ್ಷವನ್ನ. ನೀವು ಇವತ್ತು ಕೊಳ್ತಿರೋದು ನಾಲ್ಕು, ಐದು, ಆರನೇ ವರ್ಷವನ್ನ. ಅವರ ಸಲಹೆ ಅವರ ಕಾಲಕ್ಕೆ ಸರಿ ಇತ್ತು. ಈಗಿನ ಲೆಕ್ಕ ಬೇರೆ.

ಹಾಗಾಗಿ ಮೊದಲ ಪ್ರಶ್ನೆ: ನಾಲ್ಕನೇ ವರ್ಷದಲ್ಲಿ ಈ ಕಾರು ನಿಮ್ಮ ಹತ್ರ ಇರುತ್ತಾ? ನನ್ನ ಒಬ್ಬ ಗೆಳೆಯ ಮ್ಯಾನುವಲ್ ಗೇರಿನ ಸಣ್ಣ ಪೆಟ್ರೋಲ್ ಕಾರು ತಗೊಂಡ. ಐದು ವರ್ಷದ ಪ್ಯಾಕೇಜ್ ಹಾಕಿಸಿದ. ಮೂರು ವರ್ಷ ಎರಡು ತಿಂಗಳಿಗೆ ಪುಣೆಯಲ್ಲಿ ಕೆಲಸ ಸಿಕ್ತು, ಕಾರು ಮಾರಿದ. ಉಳಿದ ವಾರಂಟಿ ಹೊಸ ಮಾಲೀಕರ ಹೆಸರಿಗೆ ವರ್ಗ ಆಯ್ತು ನಿಜ. ಆದ್ರೆ ಕೊಂಡುಕೊಂಡವರು ಅದಕ್ಕೆ ಅಂತ ಒಂದು ರೂಪಾಯಿ ಜಾಸ್ತಿ ಕೊಡಲಿಲ್ಲ. ಇವನು ದುಡ್ಡು ಕೊಟ್ಟ, ಅವರು ನೆಮ್ಮದಿಯಾಗಿ ಓಡಿಸಿದ್ರು.

ಎರಡನೇ ಪ್ರಶ್ನೆ: ವರ್ಷಕ್ಕೆ ಎಷ್ಟು ಓಡಿಸ್ತೀರಾ? ‘5 ವರ್ಷ ಅಥವಾ 1.2 ಲಕ್ಷ ಕಿ.ಮೀ., ಯಾವುದು ಮೊದಲೋ ಅದು’ ಅಂತ ಬರೆದಿದ್ರೆ ಆ ‘ಯಾವುದು ಮೊದಲೋ’ ಅನ್ನೋದೇ ಮುಖ್ಯ. ಬೆಂಗಳೂರಲ್ಲಿ ಕೆಲಸ, ಊರು ಹುಬ್ಬಳ್ಳಿ, ಹದಿನೈದು ದಿನಕ್ಕೊಮ್ಮೆ ಕಾರಲ್ಲೇ ಹೋಗಿಬರ್ತೀರಿ ಅಂದುಕೊಳ್ಳಿ. ಹೋಗಿ ಬರೋಕೆ ಎಂಟುನೂರು ಕಿ.ಮೀ. ಮೇಲೆ. ಬರೀ ಊರಿನ ಓಡಾಟವೇ ವರ್ಷಕ್ಕೆ 20,000 ದಾಟಿತು. ಸಿಟಿ ಓಡಾಟ ಸೇರಿಸಿದ್ರೆ 30,000. ನಾಲ್ಕು ವರ್ಷಕ್ಕೆ 1.2 ಲಕ್ಷ ಮುಗೀತು. ಎರಡು ವರ್ಷದ ದುಡ್ಡು ಕೊಟ್ಟು ಒಂದು ವರ್ಷ ಅನುಭವಿಸಿದ ಹಾಗಾಯ್ತು. ಇಂಥವರು ತಗೊಳ್ಳೋದಾದ್ರೆ ಕಿ.ಮೀ. ಮಿತಿ ಜಾಸ್ತಿ ಇರೋ ಪ್ಯಾಕೇಜ್ ಕೇಳಬೇಕು.

ಉಲ್ಟಾನೂ ಇದೆ. ದಿನಾ ಮೆಟ್ರೋದಲ್ಲಿ ಆಫೀಸಿಗೆ ಹೋಗಿ, ಭಾನುವಾರ ಮಾತ್ರ ಕಾರು ತೆಗೆಯೋರು ವರ್ಷಕ್ಕೆ 5,000 ಕಿ.ಮೀ. ಓಡಿಸಿದ್ರೆ ಹೆಚ್ಚು. ಐದು ವರ್ಷ ಆದ್ರೂ ಇಂಜಿನ್, ಗೇರ್‌ಬಾಕ್ಸ್ ಹೊಸದರ ಹಾಗೇ ಇರುತ್ತೆ. ಅವರ ಕಾರಲ್ಲಿ ಮೊದಲು ಕೈ ಕೊಡೋದು ನಿಂತಲ್ಲೇ ಇಳಿದುಹೋಗೋ 12 ವೋಲ್ಟ್ ಬ್ಯಾಟರಿ. ಅದು ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿ ಬರಲ್ಲ.

ಇನ್ನೊಂದು ಗಮನಿಸಿ. ಯಂತ್ರಗಳು ಕೆಡೋ ರೀತಿ ಒಂದು ಬಾಣಲೆಯ ಆಕಾರದ ಹಾಗಿರುತ್ತೆ. ಶುರುವಿನಲ್ಲಿ ಎತ್ತರ: ತಯಾರಿಕೆಯ ದೋಷ ಇದ್ರೆ ಮೊದಲ ಒಂದೆರಡು ವರ್ಷದಲ್ಲೇ ಹೊರಗೆ ಬರುತ್ತೆ, ಅದು ಸ್ಟ್ಯಾಂಡರ್ಡ್ ವಾರಂಟಿಯಲ್ಲಿ ಹೋಗುತ್ತೆ. ಮಧ್ಯದಲ್ಲಿ ತಗ್ಗು, ತೊಂದರೆ ಕಡಿಮೆ. ಕೊನೇಲಿ ಮತ್ತೆ ಎತ್ತರ, ಸವೆದು ಸವೆದು ಕೆಡೋ ಕಾಲ. ಚೆನ್ನಾಗಿ ನೋಡಿಕೊಂಡ ಕಾರಿಗೆ ನಾಲ್ಕು-ಐದನೇ ವರ್ಷ ಆ ತಗ್ಗಿನಲ್ಲೇ ಬೀಳುತ್ತೆ. ಮಾರೋರಿಗೂ ಇದು ಗೊತ್ತು.

ಏನೇನು ಬರಲ್ಲ

ವಾರಂಟಿ ಪುಸ್ತಕದಲ್ಲಿ ಓದಬೇಕಾದ ಪುಟ ಒಂದೇ: ಏನೇನು ಬರಲ್ಲ ಅನ್ನೋ ಪುಟ.

ಸವೆಯೋ ವಸ್ತುಗಳು ಬರಲ್ಲ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಫಿಲ್ಟರ್, ಬಲ್ಬ್, ಆಯಿಲ್. ಟೈರ್‌ಗೆ ಟೈರ್ ಕಂಪನಿಯದ್ದೇ ಬೇರೆ ವಾರಂಟಿ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಎಎಂಟಿ ಕಾರು ಅಂತೀವಲ್ಲ, ಕ್ಲಚ್ ಪೆಡಲ್ ಇಲ್ಲದ್ದು. ಪೆಡಲ್ ಇಲ್ಲ ಅಷ್ಟೇ, ಒಳಗೆ ಕ್ಲಚ್ ಪ್ಲೇಟ್ ಇದ್ದೇ ಇದೆ. ಕ್ಲಚ್ ಒತ್ತೋ ಕೆಲಸ ನಿಮ್ಮ ಕಾಲಿನ ಬದಲು ಆ್ಯಕ್ಚುಯೇಟರ್ ಅನ್ನೋ ಒಂದು ಭಾಗ ಮಾಡುತ್ತೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಇಂಚಿಂಚು ಸರಿಯುವಾಗ ಆ ಪ್ಲೇಟ್ ಸವೆಯುತ್ತೆ. ಆ್ಯಕ್ಚುಯೇಟರ್ ಕೆಟ್ಟರೆ ವಾರಂಟಿಯಲ್ಲಿ ಬರಬಹುದು, ಕ್ಲಚ್ ಪ್ಲೇಟ್ ಸವೆದ್ರೆ ನಿಮ್ಮ ಜೇಬಿನಿಂದ. ‘ಗೇರ್‌ಬಾಕ್ಸ್ ಕವರ್ ಆಗುತ್ತೆ ಸರ್’ ಅನ್ನೋ ಮಾತಲ್ಲಿ ಈ ವ್ಯತ್ಯಾಸ ಇರಲ್ಲ, ಪುಸ್ತಕದಲ್ಲಿ ಇರುತ್ತೆ.

ಹೊರಗಡೆ ಮಾಡಿಸಿದ ಬದಲಾವಣೆ ಇನ್ನೊಂದು. ಆಫ್ಟರ್‌ಮಾರ್ಕೆಟ್ ಸ್ಟೀರಿಯೊ ಹಾಕಿಸೋಕೆ ವೈರ್ ಕತ್ತರಿಸಿದ್ರೆ ಎಲೆಕ್ಟ್ರಿಕಲ್ ಕ್ಲೈಮ್ ಕಷ್ಟ. ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದ್ರೆ ಇಂಜಿನ್ ಕ್ಲೈಮ್ ಕಷ್ಟ. ಬಿಳಿ ಬೋರ್ಡ್ ಕಾರನ್ನ ಬಾಡಿಗೆಗೆ ಓಡಿಸಿದ್ರೂ ಅಷ್ಟೇ.

ಮತ್ತೊಂದು, ಎಚ್ಚರಿಕೆ ಲೈಟ್ ಬಂದಮೇಲೂ ಓಡಿಸಿದ್ದು. ಟೆಂಪರೇಚರ್ ಮುಳ್ಳು ಮೇಲೇರಿದೆ, ‘ಇನ್ನು ಹತ್ತೇ ಕಿಲೋಮೀಟರ್, ಮನೆ ಮುಟ್ಟಿಬಿಡೋಣ’ ಅಂತ ಓಡಿಸಿದ್ರೆ, ಮೂಲ ದೋಷ ಒಂದು ಸಣ್ಣ ಪೈಪಿನದ್ದೇ ಆಗಿದ್ರೂ ಹಾಳಾದ ಇಂಜಿನ್‌ಗೆ ಅವರು ದುಡ್ಡು ಕೊಡಲ್ಲ. ಲೈಟ್ ಬಂದ್ರೆ ಪಕ್ಕಕ್ಕೆ ಹಾಕಿ, ಫೋಟೊ ತೆಗೀರಿ, ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿ.

ಅಕ್ಕನ ಕಾರು

ಕ್ಲೈಮ್ ಅಂದ್ರೆ ಹೇಗಿರುತ್ತೆ ಅಂತ ಹತ್ತಿರದಿಂದ ನೋಡಿದ ಒಂದು ಪ್ರಸಂಗ ಹೇಳ್ತೀನಿ. ನನ್ನ ಅಕ್ಕ ಶಿರಸಿ ಕಡೆ ಟೀಚರ್. ಶಾಲೆಗೆ ಇಪ್ಪತ್ತೈದು ಕಿ.ಮೀ., ಬಸ್ಸಿನ ಟೈಮ್ ಹೊಂದಲ್ಲ, ಹಾಗಾಗಿ ಎಎಂಟಿ ಕಾರು. ಎಕ್ಸ್‌ಟೆಂಡೆಡ್ ವಾರಂಟಿ ಇತ್ತು. ನಾಲ್ಕನೇ ವರ್ಷ, ಕುಮಟಾಕ್ಕೆ ಹೋಗೋವಾಗ ದೇವಿಮನೆ ಘಟ್ಟದಲ್ಲಿ ಕಾರು ನ್ಯೂಟ್ರಲ್‌ನಲ್ಲೇ ನಿಂತುಬಿಡ್ತು. ಗೇರೇ ಬೀಳ್ತಿಲ್ಲ. ಟೋ ಮಾಡಿಸಿ ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋಯ್ತು. ಆ್ಯಕ್ಚುಯೇಟರ್ ಹೋಗಿದೆ, ಕ್ಲಚ್ ಕೂಡ ಸವೆದಿದೆ, ಎಲ್ಲಾ ಸೇರಿ 58,000 ಅಂತ ಎಸ್ಟಿಮೇಟ್ ಕೊಟ್ರು. ವಾರಂಟಿ ಇದೆಯಲ್ಲ ಅಂದ್ರೆ, ‘ಮೇಡಂ, ಎರಡನೇ ವರ್ಷದ ಸರ್ವಿಸ್ ಹೊರಗೆ ಮಾಡಿಸಿದೀರ. ವಾರಂಟಿ ಕ್ಯಾನ್ಸಲ್.’

ಅಕ್ಕ ಫೋನ್ ಮಾಡಿದಳು. ‘ಏನೋ ಇದು, ದುಡ್ಡು ತಗೊಳ್ಳುವಾಗ ಒಬ್ಬರೂ ಈ ಮಾತು ಹೇಳಲಿಲ್ಲ’ ಅಂದಳು. ಆ ವರ್ಷ ಮಳೆಗೆ ರಸ್ತೆ ಕೆಟ್ಟು, ದೂರದ ಸರ್ವಿಸ್ ಸೆಂಟರ್‌ಗೆ ಹೋಗೋಕಾಗದೆ ಊರಿನ ಗ್ಯಾರೇಜ್‌ನಲ್ಲಿ ಆಯಿಲ್ ಬದಲಿಸಿದ್ದಳು. ಅವಳು ಮಾಡಿದ ಒಳ್ಳೇ ಕೆಲಸ ಅಂದ್ರೆ ಬಿಲ್ ಇಟ್ಟಿದ್ದು. ಅದರಲ್ಲಿ ಆಯಿಲ್ ಗ್ರೇಡ್, ದಿನಾಂಕ, ಕಿ.ಮೀ. ಎಲ್ಲ ಇತ್ತು.

ನಾವು ಜಗಳ ಮಾಡಲಿಲ್ಲ. ಮೂರು ಸಾಲಿನ ಇಮೇಲ್ ಬರೆದೆವು, ಸರ್ವಿಸ್ ಸೆಂಟರ್‌ಗೂ, ಕಾರಿನ ಕಂಪನಿಗೂ. ಒಂದು, ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದೀರಿ, ಬರಹದಲ್ಲಿ ಕೊಡಿ. ಎರಡು, ಇಂಜಿನ್ ಆಯಿಲ್ ಹೊರಗೆ ಬದಲಿಸಿದ್ದಕ್ಕೂ ಗೇರ್ ಆ್ಯಕ್ಚುಯೇಟರ್ ಕೆಟ್ಟಿದ್ದಕ್ಕೂ ಏನು ಸಂಬಂಧ, ತಿಳಿಸಿ. ಮೂರು, ಬಿಲ್ ಲಗತ್ತಿಸಿದೆ. ಹನ್ನೊಂದು ದಿನ ಆದಮೇಲೆ ಆ್ಯಕ್ಚುಯೇಟರ್ ವಾರಂಟಿಯಲ್ಲಿ ಒಪ್ಪಿಗೆ ಆಯ್ತು. ಕ್ಲಚ್ ಪ್ಲೇಟ್‌ನ ದುಡ್ಡು ಅಕ್ಕನೇ ಕೊಟ್ಟಳು, ಅದು ನ್ಯಾಯವೇ. ಆದ್ರೆ ಅಷ್ಟೂ ದಿನ ಶಾಲೆಗೆ ಹೋಗೋಕೆ ಅವಳು ದಿನಾ ಯಾರದ್ದೋ ಬೈಕ್, ಯಾರದ್ದೋ ಆಟೊ ಹಿಡಿದಳು. ವಾರಂಟಿ ಪಾರ್ಟ್ ಕೊಡುತ್ತೆ. ಕಾರಿಲ್ಲದೆ ಕಳೆದ ದಿನಗಳಿಗೆ ಏನೂ ಕೊಡಲ್ಲ.

ಹೊರಗೆ ಸರ್ವಿಸ್ ಮಾಡಿಸಿದ್ರೆ ವಾರಂಟಿ ಪೂರ್ತಿ ರದ್ದು ಅನ್ನೋ ಈ ಮಾತಿಗೆ ಒಂದು ಇತಿಹಾಸ ಇದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಅಂದ್ರೆ ಸಿಸಿಐ, 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕ್ತು. ಬಿಡಿಭಾಗಗಳನ್ನ, ರಿಪೇರಿಗೆ ಬೇಕಾದ ಉಪಕರಣ, ಮಾಹಿತಿಯನ್ನ ಹೊರಗಿನ ಗ್ಯಾರೇಜ್‌ಗಳಿಗೆ ಸಿಗದ ಹಾಗೆ ಮಾಡಿದ್ದು ಮುಖ್ಯ ಆರೋಪ. ಹೊರಗಿನ ಗ್ಯಾರೇಜ್‌ಗೆ ಹೋದ ಮಾತ್ರಕ್ಕೆ ವಾರಂಟಿ ಸಾರಾಸಗಟಾಗಿ ರದ್ದು ಅನ್ನೋ ಷರತ್ತು ಇರಬಾರದು ಅಂತಾನೂ ಆ ಆದೇಶ ಹೇಳ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಪ್ರಕರಣ ವರ್ಷಗಟ್ಟಲೆ ಎಳೀತು. ಹಾಗಾಗಿ ‘ಕೋರ್ಟ್ ಹೇಳಿದೆ’ ಅಂತ ಎದೆ ತಟ್ಟಿಕೊಂಡು ಹೊರಗೆ ಸರ್ವಿಸ್ ಮಾಡಿಸಬೇಡಿ. ವಾರಂಟಿ ದುಡ್ಡು ಕೊಟ್ಟು ತಗೊಂಡಿದ್ರೆ ಅಧಿಕೃತ ಸೆಂಟರ್‌ನಲ್ಲೇ, ಹೇಳಿದ ಅವಧಿಯ ಒಳಗೆ ಸರ್ವಿಸ್ ಮಾಡಿಸಿ. ಅಂದ್ರೆ ವಾರಂಟಿಯ ಬೆಲೆಗೆ ಈ ಐದು ವರ್ಷದ ಅಧಿಕೃತ ಸರ್ವಿಸ್‌ನ ಹೆಚ್ಚುವರಿ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಹತ್ತಿರದ ಅಧಿಕೃತ ಸೆಂಟರ್ ಎಂಬತ್ತು ಕಿ.ಮೀ. ದೂರ ಇದ್ರೆ ಆ ಓಡಾಟವನ್ನೂ.

ಲೆಕ್ಕ ಹಾಕೋಣ

ಸುಮ್ಮನೆ ಲೆಕ್ಕಕ್ಕೆ ಅಂತ, ನಾಲ್ಕನೇ ಐದನೇ ವರ್ಷದ ವಾರಂಟಿ 20,000 ರೂಪಾಯಿ ಅಂತ ಇಟ್ಟುಕೊಳ್ಳಿ. ನಿಮ್ಮ ಕಾರಿನದ್ದು ಕಡಿಮೆ ಇರಬಹುದು, ಜಾಸ್ತಿ ಇರಬಹುದು.

ನಿಮ್ಮಂಥ ಹತ್ತು ಜನ ತಗೊಂಡ್ರು ಅಂದುಕೊಳ್ಳಿ. ಒಟ್ಟು ಎರಡು ಲಕ್ಷ. ಅದರಲ್ಲಿ ಒಬ್ಬರಿಗೆ 80,000ದ ರಿಪೇರಿ ಬಂತು. ಉಳಿದ 1.2 ಲಕ್ಷ ಮಾರಿದವರ ಕಡೆ ಉಳೀತು; ಅದರಲ್ಲೇ ತೆರಿಗೆ, ಡೀಲರ್ ಕಮಿಷನ್ ಎಲ್ಲ. ಹತ್ತು ಜನರ ಸರಾಸರಿ ತೆಗೆದ್ರೆ ಕೊಂಡವರಿಗೆ ನಷ್ಟವೇ. ಇಲ್ಲದಿದ್ರೆ ಯಾರೂ ಇದನ್ನ ಮಾರ್ತಿರಲಿಲ್ಲ. ಇದರಲ್ಲಿ ಮೋಸ ಏನಿಲ್ಲ, ಈ ವ್ಯವಹಾರ ನಡೆಯೋದೇ ಹಾಗೆ.

ಆದ್ರೆ ಆ ಒಬ್ಬರು ನೀವಾದ್ರೆ? ಇಲ್ಲಿ ಸರಾಸರಿ ಕೆಲಸಕ್ಕೆ ಬರಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ: ಇದ್ದಕ್ಕಿದ್ದ ಹಾಗೆ 80,000 ರೂಪಾಯಿ ಬಿಲ್ ಬಂದ್ರೆ ನನ್ನ ಹತ್ರ ಇದೆಯಾ? ಇದೆ, ಬೇಜಾರಾಗುತ್ತೆ ಅಷ್ಟೇ ಅನ್ನೋರಿಗೆ ಈ ವಾರಂಟಿ ಅಷ್ಟಾಗಿ ಬೇಕಾಗಿಲ್ಲ. ಇಲ್ಲ, ಕ್ರೆಡಿಟ್ ಕಾರ್ಡ್ ಉಜ್ಜಬೇಕು, ಇಲ್ಲಾ ಅಮ್ಮನ ಒಡವೆ ಇಡಬೇಕು ಅನ್ನೋರಿಗೆ 20,000 ಕೊಟ್ಟು ಆ ಭಯ ಕಳೆದುಕೊಳ್ಳೋದು ಒಳ್ಳೇ ಖರ್ಚು. ಒಂದೇ ವಾರಂಟಿ, ಒಂದೇ ಕಾರು. ಅಕ್ಕಪಕ್ಕದ ಮನೆಯ ಇಬ್ಬರಿಗೆ ಉತ್ತರ ಬೇರೆ ಬೇರೆ.

ಇನ್ನೊಂದು ದಾರಿ: ತಿಂಗಳಿಗೆ 600 ರೂಪಾಯಿ ಆರ್‌ಡಿ ಕಟ್ಟಿ. ಮೂರು ವರ್ಷಕ್ಕೆ 21,600 ಆಗುತ್ತೆ, ಬಡ್ಡಿ ಬೇರೆ. ಸ್ಟ್ಯಾಂಡರ್ಡ್ ವಾರಂಟಿ ಮುಗಿಯೋ ಹೊತ್ತಿಗೆ ನಿಮ್ಮದೇ ‘ವಾರಂಟಿ ಫಂಡ್’ ರೆಡಿ. ಇದರಲ್ಲಿ ಟೈರೂ ಬರುತ್ತೆ, ಬ್ಯಾಟರಿಯೂ ಬರುತ್ತೆ, ಕ್ಲಚ್ ಪ್ಲೇಟೂ ಬರುತ್ತೆ. ಏನೂ ಆಗದಿದ್ರೆ ದುಡ್ಡು ನಿಮ್ಮದೇ. ಆದ್ರೆ ಲಕ್ಷದ ಬಿಲ್ ಬಂದ್ರೆ ಈ ಫಂಡ್ ಸಾಲಲ್ಲ. ಮತ್ತೆ ಗೋವಾ ಟ್ರಿಪ್‌ಗೆ ಅಂತ ಮುಟ್ಟದೆ ಇರಬೇಕು.

ತಗೊಳ್ಳೋದೇ ಆದ್ರೆ ದಯವಿಟ್ಟು ಅದನ್ನ ಕಾರ್ ಲೋನ್ ಒಳಗೆ ಸೇರಿಸಬೇಡಿ. ‘ಇಎಂಐ ಬರೀ ನಾನ್ನೂರ ಇಪ್ಪತ್ತು ಜಾಸ್ತಿ ಆಗುತ್ತೆ’ ಅಂತಾರೆ. 20,000 ರೂಪಾಯಿ, ಒಂಬತ್ತೂವರೆ ಪರ್ಸೆಂಟ್ ಬಡ್ಡಿ, 60 ತಿಂಗಳು. ಕೊನೆಗೆ ಕಟ್ಟೋದು ಸುಮಾರು 25,200. ಮೂರು ವರ್ಷ ಆದಮೇಲೆ ಶುರುವಾಗೋ ವಾರಂಟಿಗೆ ಮೊದಲ ದಿನದಿಂದಲೇ ಬಡ್ಡಿ.

ಹಾಗಾದ್ರೆ ಯಾರಿಗೆ ಬೇಕು?

ನನ್ನ ಪಟ್ಟಿ ಹೀಗಿದೆ. ಕಾರನ್ನ ಏಳೆಂಟು ವರ್ಷ ಇಟ್ಟುಕೊಳ್ಳೋರು. ಆಟೊಮ್ಯಾಟಿಕ್ ಕಾರಿನವರು, ಅದರಲ್ಲೂ ಡಿಸಿಟಿ ಗೇರ್‌ಬಾಕ್ಸ್, ಟರ್ಬೊ ಇಂಜಿನ್, ದೊಡ್ಡ ಟಚ್‌ಸ್ಕ್ರೀನ್, ಸನ್‌ರೂಫ್, ಕ್ಯಾಮೆರಾ, ರೇಡಾರ್ ಅಂತ ತುಂಬಿರೋ ಕಾರಿನವರು. ಡಿಸಿಟಿಯ ಕಂಟ್ರೋಲ್ ಯೂನಿಟ್ ಕೆಟ್ಟರೆ ಬಿಲ್ ಲಕ್ಷ ದಾಟಬಹುದು. ಮಾರುಕಟ್ಟೆಗೆ ಈಗಷ್ಟೇ ಬಂದ ಹೊಸ ಮಾಡೆಲ್ ತಗೊಂಡವರು, ಯಾಕಂದ್ರೆ ಆ ಕಾರಿನ ಕಾಯಿಲೆ ಯಾವುದು ಅಂತ ಯಾರಿಗೂ ಇನ್ನೂ ಗೊತ್ತಿರಲ್ಲ. ಮತ್ತೆ ದೊಡ್ಡ ಬಿಲ್ ತಡೆದುಕೊಳ್ಳೋ ಶಕ್ತಿ ಈಗ ಇಲ್ಲದವರು.

ಯಾರಿಗೆ ಬೇಡ? ಮೂರ್ನಾಲ್ಕು ವರ್ಷಕ್ಕೆ ಕಾರು ಬದಲಿಸೋರಿಗೆ. ವರ್ಷಗಟ್ಟಲೆ ಓಡಿ ಹೆಸರು ಮಾಡಿರೋ, ಎಲ್ಲ ಊರಲ್ಲೂ ಬಿಡಿಭಾಗ ಸಿಗೋ ಸಾದಾ ಮ್ಯಾನುವಲ್ ಪೆಟ್ರೋಲ್ ಕಾರಿನವರಿಗೆ. ಮೂರು ವರ್ಷ ಆದಮೇಲೆ ನಂಬಿಕೆಯ ಮೆಕ್ಯಾನಿಕ್ ಹತ್ರಾನೇ ಹೋಗ್ತೀನಿ ಅಂತ ಗಟ್ಟಿ ಮಾಡಿಕೊಂಡವರಿಗೆ.

ಎಲೆಕ್ಟ್ರಿಕ್ ಕಾರಿನವರು ಒಂದು ನೋಡಿಕೊಳ್ಳಿ. ದುಬಾರಿ ಭಾಗ ಅಂದ್ರೆ ಬ್ಯಾಟರಿ. ಅದಕ್ಕೆ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಬೇರೆಯಾಗೇ ಬಂದಿರುತ್ತೆ. ನೀವು ದುಡ್ಡು ಕೊಟ್ಟು ವಿಸ್ತರಿಸ್ತಿರೋದು ಉಳಿದ ಭಾಗಗಳದ್ದು ಅಂತ ತಿಳಿದೇ ಕೊಡಿ.

ನಮ್ಮನೇಲಿ ಎರಡು ಕಾರಿದೆ. ನಾನು ಓಡಿಸೋ ಹಳೇ ಮ್ಯಾನುವಲ್ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳಲಿಲ್ಲ. ಊರಲ್ಲಿ ಅಪ್ಪ ಓಡಿಸೋ ಆಟೊಮ್ಯಾಟಿಕ್‌ಗೆ ತಗೊಂಡೆ. ಅಪ್ಪ ಆ ಕಾರನ್ನ ಮಾರೋರಲ್ಲ, ಸರ್ವಿಸ್ ತಪ್ಪಿಸೋರಲ್ಲ, ನಡುದಾರೀಲಿ ಕೆಟ್ಟು ನಿಂತ್ರೆ ಓಡಾಡಿ ರಿಪೇರಿ ಮಾಡಿಸೋ ವಯಸ್ಸೂ ಅಲ್ಲ.

ಷೋರೂಮ್‌ನಲ್ಲಿ ಕೇಳಬೇಕಾದ್ದು

ಮೊದಲ ಪ್ರಶ್ನೆ: ‘ಇದನ್ನ ಆಮೇಲೆ ತಗೋಬಹುದಾ?’ ಬಹುತೇಕ ಕಂಪನಿಗಳು ಸ್ಟ್ಯಾಂಡರ್ಡ್ ವಾರಂಟಿ ಮುಗಿಯೋದರ ಒಳಗೆ ತಗೊಳ್ಳೋಕೆ ಬಿಡ್ತವೆ. ತಡ ಆದಷ್ಟೂ ಬೆಲೆ ಏರಬಹುದು. ಈಗ ಎಷ್ಟು, ಒಂದು ವರ್ಷ ಬಿಟ್ಟು ಎಷ್ಟು, ಮೂರನೇ ವರ್ಷ ಎಷ್ಟು ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಆ ವ್ಯತ್ಯಾಸ ಕಡಿಮೆ ಇದ್ರೆ ಕಾಯೋದೇ ಜಾಣತನ. ಎರಡು ವರ್ಷ ಓಡಿಸಿದ ಮೇಲೆ ಕಾರಿನ ಗುಣವೂ ಗೊತ್ತಾಗಿರುತ್ತೆ, ನಿಮ್ಮ ಕೆಲಸ ಯಾವ ಊರಲ್ಲಿ ಅಂತಾನೂ ಗೊತ್ತಾಗಿರುತ್ತೆ. ಡೆಡ್‌ಲೈನನ್ನ ಮಾತ್ರ ಫೋನ್ ಕ್ಯಾಲೆಂಡರ್‌ನಲ್ಲಿ ಹಾಕಿಟ್ಟುಕೊಳ್ಳಿ, ಕಿ.ಮೀ. ಮಿತಿಯನ್ನೂ ಸೇರಿಸಿ.

ಎರಡನೇದು: ‘ಇದು ಕಾರಿನ ಕಂಪನಿಯದ್ದಾ, ಡೀಲರ್‌ದ್ದಾ, ಬೇರೆ ಯಾರದ್ದಾದ್ರೂನಾ?’ ಕಂಪನಿಯದ್ದಾದ್ರೆ ದೇಶದ ಯಾವ ಅಧಿಕೃತ ಸೆಂಟರ್‌ನಲ್ಲೂ ನಡೆಯುತ್ತೆ. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸೋದಾಗಿ ಘೋಷಿಸಿದಾಗಲೂ, ಇದ್ದ ಗ್ರಾಹಕರಿಗೆ ಸರ್ವಿಸ್, ಬಿಡಿಭಾಗ, ವಾರಂಟಿ ಮುಂದುವರಿಸ್ತೀವಿ ಅಂತ ಹೇಳಬೇಕಾಯ್ತು. ಯಾರೋ ಮೂರನೆಯವರ ವಾರಂಟಿ ಆಗಿದ್ರೆ, ನಾಳೆ ಅವರೇ ಬಾಗಿಲು ಹಾಕಿದ್ರೆ ಯಾರನ್ನ ಕೇಳೋದು ಅಂತ ಯೋಚಿಸಿ. ಸೆಕೆಂಡ್ ಹ್ಯಾಂಡ್ ಕಾರಿನ ಜೊತೆ ಬರೋ ಆರು ತಿಂಗಳು, ಒಂದು ವರ್ಷದ ವಾರಂಟಿಗೂ ಇದೇ ಪ್ರಶ್ನೆ.

ಮೂರನೇದು: ಷರತ್ತುಗಳ ಪೂರ್ತಿ ಪಿಡಿಎಫ್ ಕೇಳಿ. ಬಣ್ಣದ ಪಾಂಪ್ಲೆಟ್ ಸಾಲದು.

‘ವಾರಂಟಿ ಹಾಕ್ಸಿದ್ರೆ ಮಾತ್ರ ಬೇಗ ಡೆಲಿವರಿ’ ಅಂತ ಯಾರಾದ್ರೂ ಅಂದ್ರೆ ನೆನಪಿಡಿ. ಒಂದು ವಸ್ತು ಕೊಳ್ಳೋಕೆ ಇನ್ನೊಂದನ್ನ ಕೊಳ್ಳಲೇಬೇಕು ಅನ್ನೋದು ಗ್ರಾಹಕರ ರಕ್ಷಣಾ ಕಾಯ್ದೆ 2019ರ ಪ್ರಕಾರ ನಿರ್ಬಂಧಿತ ವ್ಯಾಪಾರ ಪದ್ಧತಿ. ಅದರ ಮೇಲೆ ದೂರು ಕೊಡಬಹುದು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಬಗೆಹರಿಯದಿದ್ರೆ ಜಿಲ್ಲಾ ಗ್ರಾಹಕರ ಆಯೋಗ. ನೀವು ಇರೋ ಜಿಲ್ಲೆಯಲ್ಲೇ ದೂರು ಹಾಕಬಹುದು, ಆನ್‌ಲೈನ್‌ನಲ್ಲೂ ಆಗುತ್ತೆ. ನೀವು ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ರೆ ಶುಲ್ಕ ಇಲ್ಲ. ಎರಡು ವರ್ಷದ ಒಳಗೆ ಹಾಕಬೇಕು.

ಕೊನೇದಾಗಿ, ವಾರಂಟಿ ವಿಸ್ತರಿಸಿದ್ರೂ ಸರಿ, ಬಿಟ್ಟರೂ ಸರಿ, ಖರ್ಚಿಲ್ಲದ ಒಂದು ಕೆಲಸ ಎಲ್ಲರೂ ಮಾಡಿ. ಸ್ಟ್ಯಾಂಡರ್ಡ್ ವಾರಂಟಿ ಮುಗಿಯೋ ಒಂದು ತಿಂಗಳ ಮೊದಲು ಕಾರನ್ನ ಸರ್ವಿಸ್ ಸೆಂಟರ್‌ಗೆ ತಗೊಂಡು ಹೋಗಿ. ಸಣ್ಣ ಸದ್ದು, ಗೇರ್ ಬೀಳುವಾಗ ಬರೋ ಜರ್ಕ್, ಎಲ್ಲೋ ಆಯಿಲ್ ಜಿನುಗೋದು, ಏಸಿ ಮೊದಲಿನಷ್ಟು ತಣ್ಣಗಿಲ್ಲ ಅನ್ನೋದು, ಎಲ್ಲವನ್ನೂ ಜಾಬ್ ಕಾರ್ಡ್‌ನಲ್ಲಿ ನಿಮ್ಮ ಮಾತಲ್ಲೇ ಬರೆಸಿ. ‘ಜನರಲ್ ಚೆಕಪ್’ ಅಂತ ಬರೆದ್ರೆ ಒಪ್ಪಬೇಡಿ. ‘ಅರವತ್ತರ ಸ್ಪೀಡ್‌ನಲ್ಲಿ ಎಡಗಡೆ ಮುಂದಿನ ಚಕ್ರದಿಂದ ಸದ್ದು’ ಅಂತ ಬರೆಸಿ, ಒಂದು ಕಾಪಿ ಇಟ್ಟುಕೊಳ್ಳಿ. ಅವತ್ತೇ ಸರಿಮಾಡಿದ್ರೆ ಪುಕ್ಕಟೆ ಆಯ್ತು. ‘ಏನೂ ಇಲ್ಲ, ಹೋಗಿ’ ಅಂದು ಎರಡು ತಿಂಗಳಿಗೆ ಅದೇ ಜಾಗದಲ್ಲಿ ಕೆಟ್ಟರೆ, ವಾರಂಟಿ ಇದ್ದಾಗಲೇ ಹೇಳಿದ್ದೆ ಅನ್ನೋಕೆ ನಿಮ್ಮ ಕೈಯಲ್ಲಿ ಕಾಗದ ಇರುತ್ತೆ.

ನಿಮ್ಮ ಗ್ಲೋವ್ ಬಾಕ್ಸ್‌ನಲ್ಲಿರೋ ವಾರಂಟಿ ಪುಸ್ತಕವನ್ನ ಇವತ್ತು ಸಂಜೆ ಒಮ್ಮೆ ತೆಗೆದು ನೋಡಿ. ಮುಗಿಯೋ ತಾರೀಖು ಯಾವುದು, ಎಷ್ಟು ಕಿ.ಮೀ. ಅಂತ. ಅದರಲ್ಲಿ ಅರ್ಥ ಆಗದ ಷರತ್ತು ಇದ್ರೆ ಫೋಟೊ ತೆಗೆದು ನಮಗೆ ಕಳಿಸಿ, ಇನ್ನೊಂದು ಸಂಚಿಕೆಯಲ್ಲಿ ಬಿಡಿಸಿ ಹೇಳೋಣ. ಕಾರು ನೋಡ್ತಿರೋ ಗೆಳೆಯರಿದ್ದರೆ ಅವರಿಗೂ ಇದನ್ನ ಕಳಿಸಿ, ಬುಕಿಂಗ್ ಮಾಡೋ ಮೊದಲೇ.